ಮಿಸ್ಟರ್ ಬೀನ್ ನೋಡಿ ನಗುವವರಿಗೆ ಮರೆವಿನ ಕಾಯಿಲೆ ಬರುತ್ತದೆಯೇ?

"ಜಾರಿ ಬೀಳುವ, ಪೆಟ್ಟು ತಿನ್ನುವ ಕಾಮಿಡಿ ಇಷ್ಟಾನಾ? ಎಚ್ಚರ, ಇದು ಡಿಮೆನ್ಶಿಯಾ ಲಕ್ಷಣ!" ಇಂಥದೊಂದು ಸಂದೇಶ ನಿಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಚಿಂತಾಮಣಿಯ ಮನೆಯಲ್ಲಿ ತಾತ ಮೊಮ್ಮಗನ ಜೊತೆ ಕೂತು ಮಿಸ್ಟರ್ ಬೀನ್ ನೋಡಿ ಬಿದ್ದು ಬಿದ್ದು ನಗುತ್ತಿದ್ದರೆ, ಬೆಂಗಳೂರಿನಲ್ಲಿರುವ ಮಗಳಿಗೆ ಇದನ್ನು ಓದಿ ಎದೆ ಧಸಕ್ಕೆನ್ನುತ್ತದೆ. ಗಾಬರಿ ಬೇಡ. ಇದರ ಹಿಂದೆ ನಿಜವಾದ ಅಧ್ಯಯನವೊಂದು ಇದೆ, ಆದರೆ ಅದು ಹೇಳಿದ್ದು ಬೇರೆ.

2015ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಕ್ಯಾಮಿಲಾ ಕ್ಲಾರ್ಕ್ ಮತ್ತು ಸಂಗಡಿಗರು 48 ರೋಗಿಗಳ ಮನೆಯವರನ್ನೂ ಸ್ನೇಹಿತರನ್ನೂ ವಿಚಾರಿಸಿದರು. ರೋಗಿಗಳಲ್ಲಿ ಕೆಲವರಿಗೆ ಅಲ್ಝೈಮರ್, ಉಳಿದವರಿಗೆ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ. ಈ ಎರಡನೆಯದರಲ್ಲಿ ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಸೊರಗುತ್ತವೆ. ಮರೆವಿಗಿಂತ ಮೊದಲು ನಡವಳಿಕೆಯೋ ಮಾತೋ ಕೆಡುತ್ತದೆ. ಉತ್ತರ ಕೊಟ್ಟವರು ರೋಗಿಯನ್ನು ಕನಿಷ್ಠ 15 ವರ್ಷದಿಂದ ಬಲ್ಲವರು. ಹಾಸ್ಯದ ಬಗೆಗಳನ್ನು ವಿವರಿಸಲು ಸಂಶೋಧಕರು ಬ್ರಿಟಿಷ್ ಟಿವಿಯ ಉದಾಹರಣೆಗಳನ್ನೇ ಇಟ್ಟರು: ಮಾತೇ ಇಲ್ಲದೆ ಎಡವುವ ಮಿಸ್ಟರ್ ಬೀನ್ (1990), ಕಾರ್ಯದರ್ಶಿಯು ಮಂತ್ರಿಯನ್ನು ಮಾತಿನಲ್ಲೇ ಕಟ್ಟಿಹಾಕುವ 'ಯೆಸ್ ಮಿನಿಸ್ಟರ್' (1980), ತಲೆಬುಡವಿಲ್ಲದ ಮಾಂಟಿ ಪೈಥಾನ್. 'ಯೆಸ್ ಮಿನಿಸ್ಟರ್' 2001ರಲ್ಲಿ 'ಜೀ ಮಂತ್ರೀಜಿ' ಆಗಿ ಹಿಂದಿಗೂ ಬಂತು.

ಅದೇ ವಯಸ್ಸಿನ 21 ಆರೋಗ್ಯವಂತರಿಗೆ ಹೋಲಿಸಿದರೆ, ರೋಗಿಗಳು ವಿಡಂಬನೆಗಿಂತ ಎಡವಿ ಬೀಳುವ ಹಾಸ್ಯವನ್ನು ಹೆಚ್ಚು ಇಷ್ಟಪಡುತ್ತಿದ್ದರು. ಪತ್ರಿಕೆಗಳ ತಲೆಬರಹ ಹಿಡಿದುಕೊಂಡಿದ್ದು ಇಷ್ಟನ್ನೇ.

ಇಲ್ಲಿ ತರ್ಕ ತಲೆಕೆಳಗಾಗುತ್ತದೆ. ರೇಷ್ಮೆಗೂಡು ಮಾರುವವರು ಶಿಡ್ಲಘಟ್ಟದಲ್ಲಿ ಬಸ್ ಇಳಿಯುತ್ತಾರೆ ನಿಜ. ಹಾಗಂತ ಶಿಡ್ಲಘಟ್ಟದಲ್ಲಿ ಬಸ್ ಇಳಿದವರೆಲ್ಲ ಗೂಡು ಮಾರುವವರೇ? ಬೀನ್ ನೋಡಿ ನಗುವ ಕೋಟ್ಯಂತರ ಜನರಿಗೂ ಆ 48 ಜನರಿಗೂ ಇರುವ ಸಂಬಂಧ ಇಷ್ಟೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದವರು. ಅವರ ಜಿಲ್ಲೆಯವರು ಒಂದು ಫಾರ್ವರ್ಡ್ ಪರೀಕ್ಷಿಸಲು ಹಿಂಜರಿಯಬಾರದು.

ಹಾಗಾದರೆ ಒಂದೇ ಮನೆಯಲ್ಲಿ ಒಬ್ಬರು ನಕ್ಕಿದ್ದಕ್ಕೆ ಇನ್ನೊಬ್ಬರು ಯಾಕೆ ನಗುವುದಿಲ್ಲ? ಬಹುಪಾಲು ಅದು ಭಾಷೆ ಮತ್ತು ಬಳಕೆಯ ಮಾತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಕೈವಾರ ತಾತಯ್ಯನವರು ಎರಡರಲ್ಲೂ ಹಾಡು ಕಟ್ಟಿದ ನೆಲ ಇದು. ಈಟಿವಿ ಕನ್ನಡದ 'ಸಿಲ್ಲಿ ಲಲ್ಲಿ' ನಗಿಸುತ್ತಿದ್ದುದು ಮಾತಿನ ಚೇಷ್ಟೆಯಿಂದ. ಕನ್ನಡದ ಮಾತಿನ ತಿರುವು ಪೂರ್ತಿ ಹಿಡಿಯದವರಿಗೆ ಅರ್ಧ ನಗು ಅಲ್ಲೇ ಸೋರಿಹೋಗುತ್ತದೆ. ಹೆಂಡತಿಯಿಂದ ಒದೆ ತಿನ್ನುವ 'ಪಾಪ ಪಾಂಡು'ವಿಗೆ ಆ ತೊಂದರೆ ಕಡಿಮೆ, ಬೀನ್‌ಗಂತೂ ಇಲ್ಲವೇ ಇಲ್ಲ. 'ಯೆಸ್ ಮಿನಿಸ್ಟರ್'ಗೆ ನಗಬೇಕಾದರೆ ಇಂಗ್ಲಿಷ್ ಬರಬೇಕು, ಕಡತ ಹೇಗೆ ಓಡಾಡುತ್ತದೆ ಅನ್ನುವುದೂ ಗೊತ್ತಿರಬೇಕು. (ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಎರಡನೆಯದು ತಾನಾಗಿ ಬರುತ್ತದೆ.) ನಗದವರು ದಡ್ಡರೆಂದೇನೂ ಅಲ್ಲ.

ಇನ್ನೊಂದು ಕಾರಣ ಕಿವಿ. ವಯಸ್ಸಾದಂತೆ ಸ, ಶ, ಫ ಥರದ ತೆಳು ಸದ್ದುಗಳು ಮೊದಲು ಮಸುಕಾಗುತ್ತವೆ. ಹಿನ್ನೆಲೆ ಸಂಗೀತ, ರೆಕಾರ್ಡ್ ಮಾಡಿದ ನಗುವಿನ ನಡುವೆ ಸಂಭಾಷಣೆ ಮುಳುಗುತ್ತದೆ. ಅಜ್ಜಿ ಮಾತಿನ ಧಾರಾವಾಹಿ ಬಿಟ್ಟು ಬೀನ್ ಕಡೆ ತಿರುಗಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಈಗ ಅಧ್ಯಯನದ ನಿಜವಾದ ಮಾತಿಗೆ ಬರೋಣ. ಅದು ಗಮನಿಸಿದ್ದು ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವನ್ನು ಮಾತ್ರವಲ್ಲ. ಒಬ್ಬರೇ ಮನುಷ್ಯರ ನಗು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನೂ ಅದು ಕೇಳಿತ್ತು. ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಇದ್ದ ಕೆಲವರು ಟಿವಿ ಸುದ್ದಿಯಲ್ಲಿ ದುರಂತ ಬಂದರೆ ನಗುತ್ತಿದ್ದರು. ಒಬ್ಬರು ಹೆಂಡತಿಯ ಮೈಮೇಲೆ ಬಿಸಿನೀರು ಬಿದ್ದು ಸುಟ್ಟಾಗ ನಕ್ಕಿದ್ದರು. ಬೇರೆ ಲಕ್ಷಣ ಕಾಣಿಸುವ ಸರಾಸರಿ ಒಂಬತ್ತು ವರ್ಷ ಮೊದಲೇ ಹಾಸ್ಯಪ್ರಜ್ಞೆ ಬದಲಾಗಿತ್ತೆಂದು ಹಲವರ ಮನೆಯವರು ನೆನಪಿಸಿಕೊಂಡರು. ನೆನಪಿನ ಮೇಲೆ ನಿಂತ ಲೆಕ್ಕವಾದ್ದರಿಂದ ಇದನ್ನು ರೋಗ ಪತ್ತೆಯ ಪರೀಕ್ಷೆ ಎಂದುಕೊಳ್ಳಬೇಡಿ.

ಈ ಕಾಯಿಲೆ ಅಪರೂಪ. ಹೆಚ್ಚಾಗಿ ಕಾಣಿಸುವುದು 45ರಿಂದ 65ರ ವಯಸ್ಸಿನಲ್ಲಿ, ಅಂದರೆ ದುಡಿಯುವ ಕಾಲದಲ್ಲಿ. ಹಾಗಾಗಿಯೇ ಮನೆಯವರು ಇದನ್ನು ಕಾಯಿಲೆ ಎಂದುಕೊಳ್ಳದೆ "ದುರಹಂಕಾರ", "ಗಾಳಿ ಸೋಕಿದೆ" ಎಂದು ಜಗಳವಾಡುತ್ತಾ, ಹರಕೆ ಹೊರುತ್ತಾ ವರ್ಷ ಕಳೆಯುವ ಅಪಾಯವಿದೆ. ಮೊದಲು ಹಾಗಿರದವರು ಸಾವಿನ ಮನೆಯಲ್ಲಿ ನಗತೊಡಗಿದರೆ, ಜೊತೆಗೆ ದುಂದು ಖರ್ಚು, ಅತಿಯಾಗಿ ಸಿಹಿ ತಿನ್ನುವುದು, ಮನೆಯವರ ನೋವಿಗೆ ಮರುಗದಿರುವುದು ಕಂಡರೆ, ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ತೋರಿಸಿ. ಯಾವಾಗಿನಿಂದ, ಏನೇನು ಬದಲಾಗಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವುದಕ್ಕೂ ನಗುವೇ ಬಾರದೆ, ಇಷ್ಟದ ಕೆಲಸವೂ ಬೇಡವಾಗಿ ವಾರಗಟ್ಟಲೆ ಕಳೆಯುತ್ತಿದ್ದರೆ ಅದು ಖಿನ್ನತೆಯೂ ಇರಬಹುದು. ಅದಕ್ಕೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.