ಯಾರದೋ ಕಿವಿಯಲ್ಲಿ ಕೇಳುವ ಆಟ್ಮೋಸ್

ಹನ್ನೆರಡು ಸ್ಪೀಕರುಗಳ ಕೋಣೆ ಕಟ್ಟಿಸುವಷ್ಟು ದುಡ್ಡಿಲ್ಲ, ಒಳ್ಳೆಯ ಹೆಡ್‌ಫೋನ್ ಒಂದಿದ್ದರೆ, ಸದ್ದನ್ನು ಸುತ್ತಲೂ ತಲೆಯ ಮೇಲೂ ಹರಡುವ ಡಾಲ್ಬಿ ಆಟ್ಮೋಸ್‌ನಲ್ಲಿ ಮಿಕ್ಸಿಂಗ್ ಮಾಡಬಹುದೇ? 2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಆಟ್ಮೋಸ್ ಹಾಡುಗಳನ್ನು ಕೇಳಿಸಲು ಶುರುಮಾಡಿದ ಮೇಲೆ ಸಣ್ಣ ಸ್ಟುಡಿಯೋದವರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಮಾರುವವರ ಬಳಿ ಉತ್ತರ ಸಿದ್ಧವಾಗಿದೆ: ಇನ್ನೂ ದುಬಾರಿಯದನ್ನು ಕೊಳ್ಳಿ. ಆದರೆ ತೊಡಕು ಇರುವುದು ಹೆಡ್‌ಫೋನಿನಲ್ಲಿ ಅಲ್ಲ, ಅದು ಮುಚ್ಚಿಕೊಳ್ಳುವ ಕಿವಿಯ ಹಾಲೆಯಲ್ಲಿ. ಇದನ್ನು ಅರಿಯಲು ಸ್ಟುಡಿಯೋಗಿಂತ 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ಯೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂಬುದನ್ನು ಎರಡು ಕಿವಿಗಳು ಕೂಡಿ ತೀರ್ಮಾನಿಸುತ್ತವೆ ಎಂದು 1907ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲೀ ವಿವರಿಸಿದ. ಪಕ್ಕದಿಂದ ಬಂದ ಸದ್ದು ಒಂದು ಕಿವಿಯನ್ನು ಮುಟ್ಟಿ ಇನ್ನೊಂದನ್ನು ತಲುಪಲು ಹೆಚ್ಚೆಂದರೆ 0.7 ಮಿಲಿಸೆಕೆಂಡ್ ತಡವಾಗುತ್ತದೆ. ಕೀರಲು ಸದ್ದುಗಳಿಗಾದರೆ ತಲೆಯೇ ಅಡ್ಡ ನಿಂತು ದೂರದ ಕಿವಿಗೆ ಸದ್ದು ಕುಗ್ಗಿ ಕೇಳಿಸುತ್ತದೆ. ಇಷ್ಟನ್ನು ಹೆಡ್‌ಫೋನ್ ಸಲೀಸಾಗಿ ನಟಿಸಬಲ್ಲದು. ಆದರೆ ನೇರ ಎದುರಿಗೆ ಬಾರಿಸಿದ ಮೃದಂಗಕ್ಕೂ ಬೆನ್ನ ಹಿಂದೆ ಬಾರಿಸಿದ ಮೃದಂಗಕ್ಕೂ ಎರಡು ಕಿವಿಗಳ ನಡುವೆ ಅಂತರವೇ ಇರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಹಾಲೆಯ ಮಡಿಕೆಗಳು. ಅವುಗಳಿಗೆ ಬಡಿದು ಮರಳಿದ ಸದ್ದು ನೇರ ಬಂದ ಸದ್ದಿನೊಡನೆ ಬೆರೆತು ಕೆಲವು ಎತ್ತರದ ಕಂಪನಾಂಕಗಳನ್ನು ಅಡಗಿಸುತ್ತದೆ. ಯಾವುದು ಅಡಗಿತು ಎಂಬುದರ ಮೇಲೆ ಮಿದುಳು ಮುಂದೆ, ಹಿಂದೆ, ಮೇಲೆ, ಕೆಳಗೆ ಎಂದು ಗುರುತಿಸುತ್ತದೆ. 1998ರಲ್ಲಿ ನೆದರ್‌ಲೆಂಡ್ಸಿನ ಹಾಫ್‌ಮನ್ ಮತ್ತು ಸಂಗಡಿಗರು ಕಿವಿಯ ತೂತನ್ನು ಮುಚ್ಚದೆ ಮಡಿಕೆಗಳಿಗಷ್ಟೇ ಅಚ್ಚು ಕೂರಿಸಿ ನೋಡಿದರು. ಎಡಬಲದ ಅರಿವು ಹೆಚ್ಚು ಕೆಡಲಿಲ್ಲ, ಎತ್ತರದ ಅರಿವು ಮಾತ್ರ ಕೂಡಲೇ ಮಾಯವಾಯಿತು. (ಕಿವಿಯ ಹಿಂದೆ ಸಿಕ್ಕಿಸುವ ಶ್ರವಣ ಸಾಧನದವರ ಕಷ್ಟವೂ ಇದೇ ಬಗೆಯದು: ಮೈಕು ಹಾಲೆಯ ಮೇಲೆ ಕೂತಿರುತ್ತದೆ, ಮಡಿಕೆಗಳ ಸುಳಿವು ಅದಕ್ಕೆ ಸಿಗುವುದಿಲ್ಲ.)

ಹೆಡ್‌ಫೋನಿನಲ್ಲಿ ಬೇರೆ ಬೇರೆ ದಿಕ್ಕಿನಿಂದ ಹಾಲೆಗೆ ಬಡಿಯುವ ಸದ್ದೇ ಇಲ್ಲವಾದ್ದರಿಂದ ಮಡಿಕೆಗಳ ಕೆಲಸವನ್ನು ಸಾಫ್ಟ್‌ವೇರ್ ಮಾಡಬೇಕು. ಯಾರ ಮಡಿಕೆ? ಸಾಮಾನ್ಯವಾಗಿ ಸರಾಸರಿ ಅಳತೆಯ ಒಂದು ಗೊಂಬೆಯದು, ಇಲ್ಲವೇ ಹಲವರ ಕಿವಿಗಳನ್ನು ಅಳೆದು ಆರಿಸಿದ ಒಂದು ನಮೂನೆ. ಇದು ಟೈಲರಿಗೆ ನಮ್ಮ ಅಳತೆ ರವಿಕೆಯ ಬದಲು ಪಕ್ಕದ ಮನೆಯವರದನ್ನು ಕೊಟ್ಟಂತೆ. ಕೆಲವರಿಗೆ ಅದೃಷ್ಟವಶಾತ್ ಸರಿಹೊಂದುತ್ತದೆ. ಹಲವರಿಗೆ ಎದುರಿನ ಗಾಯಕ ತಲೆಯೊಳಗೇ ಕೂತಂತೆ, ಇಲ್ಲವೇ ಹಿಂದೆ ಸರಿದಂತೆ ಕೇಳಿಸುತ್ತದೆ. ರವಿಕೆಯ ಬಟ್ಟೆ ಎಷ್ಟೇ ಬೆಲೆಬಾಳಲಿ, ತೋಳು ಬಿಗಿಯಾಗಿದ್ದರೆ ಬಿಗಿಯೇ; ಲಕ್ಷದ ಹೆಡ್‌ಫೋನೂ ಈ ದೋಷವನ್ನು ತಿದ್ದಲಾರದು.

ಕೇಳುಗರೇ ಹೆಡ್‌ಫೋನಿನಲ್ಲಿ ಕೇಳುವಾಗ ಮಿಕ್ಸಿಂಗೂ ಅದರಲ್ಲೇ ಆದರೆ ತಪ್ಪೇನು ಎಂದು ವಾದಿಸುವವರಿದ್ದಾರೆ. ಮೇಲುನೋಟಕ್ಕೆ ಗಟ್ಟಿ ವಾದ. ಆದರೆ ಆಟ್ಮೋಸ್ ಕಡತದಲ್ಲಿ ಸಿದ್ಧವಾದ ಎಡ-ಬಲ ಸದ್ದು ಇರುವುದಿಲ್ಲ. 128ರವರೆಗೂ ಟ್ರ್ಯಾಕುಗಳು, ಮತ್ತು ಯಾವುದು ಎಲ್ಲಿರಬೇಕೆಂಬ ಸೂಚನೆ, ಅಷ್ಟೇ. ಅದನ್ನು ಎರಡು ಕಿವಿಗೆ ಇಳಿಸುವುದು ಕೇಳುಗನ ಫೋನು, ಅದರದೇ ಲೆಕ್ಕದಲ್ಲಿ. ಡಾಲ್ಬಿಯ ಸಾಧನದಲ್ಲಿ ಮಿಕ್ಸಿಂಗ್ ಮಾಡುವವರು ಹತ್ತಿರ, ನಡು, ದೂರ ಎಂದು ಜೋಪಾನವಾಗಿ ಗುರುತಿಟ್ಟರೆ ಆಪಲ್‌ನ ಲೆಕ್ಕ ಅದನ್ನು ಪರಿಗಣಿಸುವುದೇ ಇಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಎರವಲು ಕಿವಿ ಅಡಗಿಸಿದ ಕಂಪನಾಂಕವನ್ನು ಹಾಡಿನ ದೋಷವೆಂದು ತಿಳಿದು ಈಕ್ವಲೈಸರಿನಲ್ಲಿ ಎತ್ತಿದರೆ, ಆ ತಿದ್ದುಪಡಿ ಕಡತದೊಳಗೇ ಉಳಿಯುತ್ತದೆ. ಸ್ಪೀಕರಿನಲ್ಲಿ ಹಾಕಿದಾಗ ಗಾಯಕಿಯ ಸ್ವರ ಚುಚ್ಚುತ್ತದೆ. ರವಿಕೆ ಹಿಡಿಯಲಿಲ್ಲವೆಂದು ಮೈಯನ್ನೇ ಕೆತ್ತಿದಂತಾಯಿತು.

ಮಿದುಳು ಎರವಲು ಕಿವಿಗೂ ಒಗ್ಗಿಕೊಳ್ಳುವುದಿಲ್ಲವೇ? ಒಗ್ಗುತ್ತದೆ, ಮತ್ತು ಹೆಡ್‌ಫೋನಿನ ಪರವಾಗಿರುವ ಬಲವಾದ ಸಾಕ್ಷ್ಯವೇ ಇದು. ಹಾಫ್‌ಮನ್ ಪ್ರಯೋಗದಲ್ಲಿ ವಾರಗಳು ಕಳೆದಂತೆ ಎತ್ತರದ ಅರಿವು ಮರಳಿತು. ನಮ್ಮ ವಾಕ್ ಶ್ರವಣ ಸಂಸ್ಥೆಯ ಕೆ.ವಿ. ನಿಶಾ ಮತ್ತು ಯು. ಅಜಿತ್ ಕುಮಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ದಿಕ್ಕಿನಿಂದ ಬಂದಂತೆ ಭಾಸವಾಗುವ ಸದ್ದುಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿ ತರಬೇತಿ ಕೊಟ್ಟಾಗ ಸರಿಯಾದ ಶ್ರವಣಶಕ್ತಿಯವರ ದಿಕ್ಕಿನ ಅರಿವು ಸುಧಾರಿಸಿತು. ಆದರೆ ಒಗ್ಗುವುದಕ್ಕೆ ಅದೇ ಕಿವಿ ದಿನವೂ ಬೇಕು. ವಾರಕ್ಕೊಂದು ಹೊಸ ಪ್ಲಗಿನ್ ಬದಲಿಸುವವರಿಗೆ ಆ ಭಾಗ್ಯವಿಲ್ಲ. ಮೇಲಾಗಿ ಒಗ್ಗಿದ್ದು ಮಿಕ್ಸಿಂಗ್ ಮಾಡುವವರ ಮಿದುಳೇ ಹೊರತು ಕೇಳುಗರದ್ದಲ್ಲ.

ಹಾಗೆಂದು ಸ್ಪೀಕರ್ ಕೋಣೆಯನ್ನು ಪೂಜಿಸಬೇಕಾಗಿಲ್ಲ. ಮನೆಯ 3 ಮೀಟರ್ ಅಗಲದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 57 ಹರ್ಟ್ಸ್‌ನ ಸದ್ದು ನಿಂತುಬಿಡುತ್ತದೆ: ಗೋಡೆಯ ಬಳಿ ಗುಂಯ್ ಎನ್ನುತ್ತದೆ, ನಡುವೆ ಕೂತವರಿಗೆ ಕೇಳಿಸುವುದೇ ಇಲ್ಲ. ಅಂಥ ಕೋಣೆಯಲ್ಲಿ ಹನ್ನೆರಡು ಸ್ಪೀಕರ್ ತೂಗುಹಾಕುವುದಕ್ಕಿಂತ ಹೆಡ್‌ಫೋನೇ ಪ್ರಾಮಾಣಿಕ. ದುಡ್ಡು ಹಾಕುವುದಿದ್ದರೆ ಸ್ವಂತ ಕಿವಿಯ ಅಳತೆ ತೆಗೆಸಲು ಹಾಕಬೇಕು. ತಲೆ ತಿರುಗಿದರೆ ಸದ್ದೂ ಸರಿಯುವ ಹೆಡ್ ಟ್ರ್ಯಾಕಿಂಗ್ ಎರಡನೆಯದು. ಕತ್ತಿನ ಚಲನೆಯಿಂದಲೇ ಮುಂದು ಹಿಂದಿನ ಗೊಂದಲ ಬಗೆಹರಿಯುತ್ತದೆಂದು ಮನೋವಿಜ್ಞಾನಿ ಹಾನ್ಸ್ ವಾಲಾಕ್ 1940ರಲ್ಲೇ ತೋರಿಸಿದ್ದ. ಸ್ವರ ವಾದ್ಯಗಳ ಹದ, ಗದ್ದಲ ತೆಗೆಯುವುದು, ರಿವರ್ಬ್ ಇವೆಲ್ಲ ಮನೆಯಲ್ಲೇ ಮುಗಿಯಲಿ. ಎತ್ತರ, ಹಿಂಬದಿ, ಮಂದ್ರದ ತೂಕ ಈ ಮೂರಕ್ಕೆ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಒಂದು ದಿನ ಕೋಣೆ ಬಾಡಿಗೆ ಹಿಡಿದರೆ ಸಾಕು.