ಹೊಳೆಗುಂಟ ಪ್ರವಾಸ: ಫ್ರಾನ್ಸಿನ ನದಿಯಾನ ಮತ್ತು ಮಲಪ್ರಭೆಯ ದಂಡೆ

ನದಿಯಾನವೆಂದರೆ ಒಂದು ನದಿಯ ಹರಿವನ್ನೇ ದಾರಿಯಾಗಿ ಇಟ್ಟುಕೊಂಡು, ಅದರ ದಂಡೆಯ ಊರು, ಗುಡಿ, ಕೋಟೆ, ಹೊಲಗಳನ್ನು ಅವು ನೀರಿಗೆ ಎದುರಾಗುವ ಕ್ರಮದಲ್ಲಿಯೇ ನೋಡುತ್ತ ಸಾಗುವ ನಿಧಾನವಾದ ಪ್ರವಾಸ. ರಸ್ತೆಯ ಪ್ರವಾಸದಲ್ಲಿ ಊರುಗಳ ಕ್ರಮವನ್ನು ಪ್ರವಾಸಿಯ ಅನುಕೂಲ ನಿರ್ಧರಿಸಿದರೆ, ನದಿಯಾನದಲ್ಲಿ ಆ ಕ್ರಮವನ್ನು ನೀರು ನಿರ್ಧರಿಸುತ್ತದೆ. ಯಾವ ಊರು ಮೇಲುಹೊಳೆಯದು, ಯಾವುದು ಕೆಳಹೊಳೆಯದು, ಯಾವ ಹಳ್ಳ ಎಲ್ಲಿ ಬಂದು ಕೂಡಿತು ಎಂಬ ತಿಳಿವಳಿಕೆ ಆ ಕ್ರಮದಿಂದ ತಾನಾಗಿ ಒದಗುತ್ತದೆ. ಈ ಬಗೆಯ ಪ್ರವಾಸವನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ದೇಶಗಳಲ್ಲಿ ಫ್ರಾನ್ಸ್ ಮುಖ್ಯವಾದುದು. ಗದಗ ಜಿಲ್ಲೆಯ ನರಗುಂದ ಮತ್ತು ರೋಣ ತಾಲೂಕುಗಳ ಉತ್ತರದ ಅಂಚಿನಲ್ಲಿ ಹರಿಯುವ ಮಲಪ್ರಭೆಯ ಮೇಲೆ ಅಂಥ ಯಾನದ ಹಡಗು ಒಂದೂ ಇಲ್ಲ. ಆದರೆ ನದಿಯಾನದಿಂದ ದೊರೆಯಬೇಕಾದ ತಿಳಿವಳಿಕೆಯೂ ಸಂತೋಷವೂ ಈ ಹೊಳೆಯ ದಂಡೆಯಲ್ಲಿ ಹೇರಳವಾಗಿವೆ. ಕೊರತೆಯಿರುವುದು ಯೋಜನೆಯಲ್ಲಿ ಮಾತ್ರ.

ಫ್ರಾನ್ಸಿನಲ್ಲಿ ಹೆಚ್ಚಿನ ಪ್ರವಾಸಿಗಳು ಆರಿಸಿಕೊಳ್ಳುವ ದಾರಿಗಳು ಎರಡು. ಮೊದಲನೆಯದು ಸೇನ್ ನದಿಯದು: ಪ್ಯಾರಿಸ್ಸಿನಿಂದ ಹೊರಟ ಹಡಗು, ಚಿತ್ರಕಾರ ಮೋನೆ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಜಿವರ್ನಿ ಗ್ರಾಮದ ಸಮೀಪದಲ್ಲಿ ನಿಂತು, ರುವಾಂ ನಗರದ ಚರ್ಚನ್ನು ತೋರಿಸಿ, ಸಮುದ್ರದ ಬದಿಯ ಓನ್‌ಫ್ಲೂರ್ ತಲುಪಿ ಹಿಂದಿರುಗುತ್ತದೆ. ಎರಡನೆಯದು ರೋನ್ ನದಿಯದು: ಲಿಯಾನ್ ನಗರದಿಂದ ದಕ್ಷಿಣಕ್ಕೆ ಇಳಿದು, 14ನೆಯ ಶತಮಾನದಲ್ಲಿ ಪೋಪರು ನೆಲೆಸಿದ್ದ ಆವಿನ್ಯಾನ್, ರೋಮನ್ನರ ಕಾಲದ ಅಂಡಾಕಾರದ ರಂಗಸ್ಥಳವಿರುವ ಆರ್ಲ್ ಮುಂತಾದ ಊರುಗಳನ್ನು ಮುಟ್ಟುವ ದಾರಿ. ಸಾಮಾನ್ಯವಾಗಿ ಒಂದು ವಾರದ ಈ ಪ್ರವಾಸಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚಾಗಿ ನಡೆಯುತ್ತವೆ. ಪ್ರವಾಸಿಯು ಹಡಗಿನಲ್ಲಿಯೇ ಮಲಗಿ, ಅಲ್ಲಿಯೇ ಉಂಡು, ಗಂಟುಮೂಟೆಯನ್ನು ಒಮ್ಮೆ ಮಾತ್ರ ಬಿಚ್ಚಿ, ಬೆಳಗಾಗುವಷ್ಟರಲ್ಲಿ ಮುಂದಿನ ಊರಿನ ನಡುಮಧ್ಯದಲ್ಲಿಯೇ ಇಳಿಯಬಹುದಾದುದು ಇದರ ದೊಡ್ಡ ಅನುಕೂಲ. ಕರ್ನಾಟಕದಿಂದ ಹೊರಡುವವರು ಷೆಂಗೆನ್ ವೀಸಾವನ್ನು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಪ್ರವೇಶಪತ್ರವನ್ನು, ಬೆಂಗಳೂರಿನಲ್ಲಿಯೇ ಅರ್ಜಿ ಹಾಕಿ ಪಡೆಯಬಹುದು. ಮಾಂಸ ಮೊಟ್ಟೆ ಬಿಟ್ಟವರು ತಮ್ಮ ಊಟದ ನಿಯಮವನ್ನು ಚೀಟಿ ಕಾಯ್ದಿರಿಸುವಾಗಲೇ ಬರೆದು ತಿಳಿಸುವುದು ಒಳ್ಳೆಯದು.

ಆ ನದಿಗಳ ಮೇಲೆ ನೂರು ಮೀಟರಿಗೂ ಉದ್ದವಾದ ಹಡಗುಗಳು ಓಡುವುದು ನಿಸರ್ಗದ ಕೊಡುಗೆಯಷ್ಟೇ ಅಲ್ಲ; ಮನುಷ್ಯನ ಕಟ್ಟಡದ ಜಾಣ್ಮೆಯೂ ಅದರಲ್ಲಿ ಸೇರಿದೆ. ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಲ್ಲಿ ಮೇಲಿನ ನೀರಿಗೂ ಕೆಳಗಿನ ನೀರಿಗೂ ಎತ್ತರದ ವ್ಯತ್ಯಾಸ ಉಂಟಾಗುತ್ತದೆ. ಆ ವ್ಯತ್ಯಾಸವನ್ನು ಹಡಗು ದಾಟುವ ಸಲುವಾಗಿ ಕಟ್ಟೆಯ ಪಕ್ಕದಲ್ಲಿ ಎರಡೂ ತುದಿಗೆ ಬಾಗಿಲುಗಳಿರುವ ಒಂದು ಉದ್ದನೆಯ ನೀರಿನ ಕೋಣೆಯನ್ನು ಕಟ್ಟುತ್ತಾರೆ. ಇದನ್ನು ಲಾಕ್ ಎಂದು ಕರೆಯುತ್ತಾರೆ. ಕೆಳಗೆ ಇಳಿಯಬೇಕಾದ ಹಡಗು ಕೋಣೆಯೊಳಗೆ ಬಂದ ಮೇಲೆ ಹಿಂದಿನ ಬಾಗಿಲನ್ನು ಮುಚ್ಚಿ, ಒಳಗಿನ ನೀರನ್ನು ಮೆಲ್ಲಗೆ ಹೊರಬಿಟ್ಟು, ಅದು ಕೆಳಹೊಳೆಯ ಮಟ್ಟಕ್ಕೆ ಬಂದಾಗ ಮುಂದಿನ ಬಾಗಿಲನ್ನು ತೆರೆಯುತ್ತಾರೆ. ಏರಬೇಕಾದರೆ ಇದೇ ಕೆಲಸ ತಿರುವುಮುರುವಾಗಿ ನಡೆಯುತ್ತದೆ. ಇದಕ್ಕೆ ಯಂತ್ರದ ಎಳೆತ ಬೇಕಿಲ್ಲ, ನೀರಿನ ಭಾರವೇ ಸಾಕು. ರೋನ್ ನದಿಯ ಬೊಲ್ಲೆನ್ ಎಂಬಲ್ಲಿರುವ ಲಾಕ್ ಹಡಗನ್ನು ಸುಮಾರು 23 ಮೀಟರ್ ಏರಿಸಿ ಇಳಿಸುತ್ತದೆ. ಪಿಯೆರ್ ಪೋಲ್ ರಿಕೆ ಎಂಬವನು 1666ರಿಂದ ಕಟ್ಟಿಸುತ್ತ ಬಂದ, ಅವನು ತೀರಿಕೊಂಡ ಮೇಲೆ 1681ರಲ್ಲಿ ಮುಗಿದ, ತುಲೂಸ್ ನಗರದಿಂದ ಮೆಡಿಟರೇನಿಯನ್ ಕಡಲಿನವರೆಗಿನ ಸುಮಾರು 240 ಕಿಲೋಮೀಟರ್ ಉದ್ದದ ಮಿದಿ ಕಾಲುವೆಯೂ ಇದೇ ತತ್ವದ ಮೇಲೆ ನಿಂತಿದೆ.

ಮಲಪ್ರಭೆಯ ಮೇಲೆ ಇಂಥ ಯಾನ ಏಕೆ ಬೆಳೆಯಲಿಲ್ಲ ಎಂಬುದನ್ನು ಅರಿಯಲು ಇಳಿಜಾರನ್ನೂ ಮಳೆಯನ್ನೂ ನೋಡಬೇಕು. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ನೀರು ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತರದಲ್ಲಿದ್ದು, ಅಷ್ಟು ಇಳಿಯಲು ಅದು 350 ಕಿಲೋಮೀಟರಿಗೂ ಹೆಚ್ಚು ದೂರ ಹರಿಯುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟುವ ಮಲಪ್ರಭೆಯಾದರೋ ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಷ್ಟರಲ್ಲಿ ಸುಮಾರು 300 ಮೀಟರ್ ಇಳಿಯುತ್ತದೆ, ಮತ್ತು ದಾರಿಯಲ್ಲಿ ಹಲವೆಡೆ ಬಂಡೆಗಲ್ಲಿನ ತಳದ ಮೇಲೆ ಹರಿಯುತ್ತದೆ. ಮಳೆಯ ಮಾತು ಇನ್ನೂ ಗಮನಾರ್ಹವಾದುದು: ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 600 ಮಿಲಿಮೀಟರ್ ಮಳೆಗೂ ಪ್ಯಾರಿಸ್ಸಿನ ವರ್ಷದ ಮಳೆಗೂ ಮೊತ್ತದಲ್ಲಿ ಹೆಚ್ಚಿನ ಅಂತರವಿಲ್ಲ. ಅಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿ ಬೀಳುವುದರಿಂದ ನದಿ ವರ್ಷವಿಡೀ ತುಂಬಿರುತ್ತದೆ. ಇಲ್ಲಿ ಹೆಚ್ಚುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಮುಗಿಯುವುದರಿಂದ ಹೊಳೆ ಕೆಲವು ತಿಂಗಳು ಉಕ್ಕಿ, ಬೇಸಿಗೆಯಲ್ಲಿ ಮಡುಗಳಲ್ಲಿ ಮಾತ್ರ ನಿಲ್ಲುತ್ತದೆ. ಸವದತ್ತಿಯ ಬಳಿಯ ನವಿಲುತೀರ್ಥದ ಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು, ಅಂದರೆ 37.73 ಟಿಎಂಸಿ ಅಡಿ ನೀರು ಹಿಡಿಯುವ ರೇಣುಕಾಸಾಗರ, ಆ ನೀರನ್ನು ಕಾಲುವೆಗಳಿಗೂ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ಕೊಡಬೇಕಾಗಿರುವುದರಿಂದ ಹಡಗಿಗೆಂದು ಹೊಳೆಯಲ್ಲಿ ನೀರು ಉಳಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯು ಹೆಸರಿಸಿದ 111 ಜಲಮಾರ್ಗಗಳಲ್ಲಿ ಮಲಪ್ರಭೆ 67ನೆಯದಾಗಿ ಸೇರಿದ್ದರೂ, ಆ ಹೆಸರು ಕಾಗದದ ಮೇಲಿನದು. ಸೇತುವೆಗಳು ಬರುವ ಮೊದಲು ಅಂಬಿಗರು ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದುದು ನಿಜ. ಆದರೆ ಅದು ಈ ದಡದಿಂದ ಆ ದಡಕ್ಕೆ ಮುಟ್ಟಿಸುವ ಕಾಯಕವಾಗಿತ್ತೇ ಹೊರತು ಹೊಳೆಗುಂಟ ಸಾಗುವ ಯಾನವಾಗಿರಲಿಲ್ಲ.

ಈ ಕಾರಣದಿಂದ ಮಲಪ್ರಭೆಗೆ ಸರಿಯಾದ ಮಾದರಿ ಸೇನ್ ಅಲ್ಲ, ಫ್ರಾನ್ಸಿನದೇ ಇನ್ನೊಂದು ನದಿಯಾದ ಲ್ವಾರ್. ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಆ ನದಿ ದೇಶದಲ್ಲೇ ಅತಿ ಉದ್ದವಾದುದಾದರೂ, ಮರಳ ದಿಬ್ಬಗಳಿಂದಲೂ ಋತುವಿಗೆ ತಕ್ಕಂತೆ ಏರಿಳಿಯುವ ನೀರಿನಿಂದಲೂ ಅದರ ಬಹುಭಾಗ ದೊಡ್ಡ ಹಡಗುಗಳಿಗೆ ಒಗ್ಗುವುದಿಲ್ಲ. ಆ ಕೊರತೆಯನ್ನು ಅಲ್ಲಿಯವರು ದಂಡೆಯ ಪ್ರವಾಸವಾಗಿ ಪರಿವರ್ತಿಸಿಕೊಂಡರು: ಕೋಟೆ ಅರಮನೆಗಳನ್ನು ನದಿಯ ಕ್ರಮದಲ್ಲಿ ಜೋಡಿಸುವ ನೂರಾರು ಕಿಲೋಮೀಟರ್ ಉದ್ದದ ಸೈಕಲ್ ದಾರಿ, ಊರೂರಿಗೆ ತಂಗುಮನೆ, ಕವಲು ಕವಲಿನಲ್ಲಿ ಫಲಕ ಇವೆಲ್ಲ ಅಲ್ಲಿವೆ. ನದಿಯ ಮೇಲೆ ಸಾಗಲಾಗದಿದ್ದರೂ ನದಿಯ ಕ್ರಮವನ್ನು ಬಿಡದ ಈ ರೀತಿಯೇ ಮಲಪ್ರಭೆಗೂ ಒಪ್ಪುತ್ತದೆ.

ಯೋಜನೆಯಲ್ಲಿ ಮೊದಲು ನಿರ್ಧಾರವಾಗಬೇಕಾದುದು ಕಾಲ. ಕಣಕುಂಬಿಯ ಸುತ್ತಿನ ಘಟ್ಟದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವುದರಿಂದ, ನರಗುಂದದ ಆಕಾಶ ತಿಳಿಯಾಗಿದ್ದಾಗಲೂ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಕೆಳಗಿನ ಊರುಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಲಖಮಾಪುರ, ಕೊಣ್ಣೂರು, ಹೊಳೆ ಆಲೂರು ಮೊದಲಾದ ಊರುಗಳು ನೆರೆಗೆ ಸಿಕ್ಕವು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳ ನೆರೆ ಉತ್ತರ ಕರ್ನಾಟಕದ ನೆನಪಿನಲ್ಲಿ ಇಂದಿಗೂ ಇದೆ. ಇದು ಇಲ್ಲಿಯದಷ್ಟೇ ಕಷ್ಟವಲ್ಲ. 2016ರ ಜೂನ್ ಮತ್ತು 2018ರ ಜನವರಿಯಲ್ಲಿ ಸೇನ್ ಉಕ್ಕಿ ಹಡಗುಗಳು ಪ್ಯಾರಿಸ್ಸಿನ ಸೇತುವೆಗಳ ಕೆಳಗೆ ನುಸುಳಲಾಗದೆ ನಿಂತಿದ್ದವು. ಆದುದರಿಂದ ಮಲಪ್ರಭೆಯ ದಂಡೆಗೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಪ್ರಶಸ್ತವಾದುದು. ಆಗ ಎರೆಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳವೂ ಕಡಲೆಯೂ ನಿಂತಿರುತ್ತವೆ. ಎಳ್ಳಮಾವಾಸ್ಯೆಯ ದಿನ ರೈತರ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವುದನ್ನು ಕಾಣಬಹುದು. ಅದರ ಮುಂದಿನ ವಾರಗಳಲ್ಲಿ ಸುಟ್ಟ ಎಳೆಜೋಳದ ಸೀತನಿ ಸವಿಯಬಹುದು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ದಿನಗಳಲ್ಲಿ ಮಾತ್ರ ಬಾದಾಮಿಯಲ್ಲಿ ವಸತಿ ಸಿಗುವುದು ಕಷ್ಟವಾಗಿರುವುದರಿಂದ, ಜಾತ್ರೆಯನ್ನೇ ನೋಡಬೇಕೆನ್ನುವವರು ಮೊದಲೇ ಕಾಯ್ದಿರಿಸಬೇಕು.

ಪ್ರವಾಸದ ಆರಂಭಕ್ಕೆ ನವಿಲುತೀರ್ಥವೇ ತಕ್ಕ ಸ್ಥಳ, ಏಕೆಂದರೆ ಬೆಟ್ಟದ ಸಾಲನ್ನು ಸೀಳಿ ಹೊರಬಂದ ಹೊಳೆ ಅಲ್ಲಿಂದ ಮುಂದೆ ಬಯಲಿನದಾಗುತ್ತದೆ. ತೊರಗಲ್ಲಿನ ಕೋಟೆಯನ್ನೂ ರಾಮದುರ್ಗವನ್ನೂ ಹಾಯ್ದು ಬಂದರೆ, 1858ರ ಮೇ 29ರ ರಾತ್ರಿ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ದೊರೆ ಬಾಬಾಸಾಹೇಬ ಭಾವೆಯು ಬ್ರಿಟಿಷ್ ಅಧಿಕಾರಿ ಮ್ಯಾನ್‌ಸನ್ನನನ್ನು ಕೊಂದ ಸುರೇಬಾನ ಸಿಗುತ್ತದೆ. ಆ ಬಂಡಾಯಕ್ಕಾಗಿ ಅವನನ್ನು ಎರಡು ವಾರಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ನರಗುಂದ ಪಟ್ಟಣ ಹೊಳೆಯಿಂದ ದೂರದಲ್ಲಿದ್ದರೂ ಅದರ ಬಾಳು ಹೊಳೆಗೇ ಕಟ್ಟುಬಿದ್ದಿದೆ. ಮಲಪ್ರಭಾ ಕಾಲುವೆಯ ನೀರಾವರಿ ಪ್ರದೇಶದಲ್ಲಿ ಅಭಿವೃದ್ಧಿ ಕರದ ವಸೂಲಿಯ ವಿರುದ್ಧ ರೈತರು ಎದ್ದು ನಿಂತಾಗ 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಗುಂಡು ಹಾರಿ ರೈತರು ಪ್ರಾಣ ಕಳೆದುಕೊಂಡರು. ನರಗುಂದದಲ್ಲಿರುವ ರೈತ ಹುತಾತ್ಮರ ವೀರಗಲ್ಲಿನ ಮುಂದೆ ಅಂದಿನಿಂದ ಪ್ರತಿವರ್ಷ ಅದೇ ದಿನ ರೈತರು ಕೂಡುತ್ತಾರೆ. 2015ರಲ್ಲಿ ಮಹದಾಯಿ ನದಿಯ ನೀರಿಗಾಗಿ ಅಲ್ಲಿಯೇ ದೀರ್ಘ ಧರಣಿ ಶುರುವಾಯಿತು. ಆ ನದಿಯ ನೀರಿನ ವಿವಾದದ ಬಗ್ಗೆ 2018ರ ಆಗಸ್ಟ್ 14ರಂದು ಬಂದ ನ್ಯಾಯಮಂಡಳಿ ತೀರ್ಪು ಅದರ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ 3.90 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಲು ಅವಕಾಶ ಕೊಟ್ಟಿತು. ಈ ವೀರಗಲ್ಲನ್ನು ನೋಡದೆ ಮುಂದಿನ ಗುಡಿಗಳನ್ನಷ್ಟೇ ನೋಡುವವರಿಗೆ ಮಲಪ್ರಭೆ ಅರ್ಧವೇ ತಿಳಿದಂತಾಗುತ್ತದೆ.

ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ಹುಬ್ಬಳ್ಳಿ-ವಿಜಯಪುರ ಹೆದ್ದಾರಿ ಹೊಳೆಯನ್ನು ದಾಟುತ್ತದೆ. ಮುಂದೆ ರೋಣ ತಾಲೂಕಿನಲ್ಲಿ, ದಕ್ಷಿಣದ ಎರೆಬಯಲಿನ ನೀರನ್ನೆಲ್ಲ ಹೊತ್ತು ಬರುವ ಬೆಣ್ಣಿಹಳ್ಳ ಮಲಪ್ರಭೆಯನ್ನು ಸೇರುತ್ತದೆ. ಅಣೆಕಟ್ಟಿನ ಹಿಡಿತಕ್ಕೆ ಒಳಪಡದ ಈ ಹಳ್ಳ ಮಳೆಗಾಲದಲ್ಲಿ ಒಮ್ಮೆಲೇ ಉಕ್ಕುವುದರಿಂದ, ಎರಡೂ ನೀರು ಒಟ್ಟಿಗೆ ಏರಿದ ವರ್ಷ ಮೆಣಸಗಿ, ಹೊಳೆ ಆಲೂರಿನ ಕಡೆಯ ಊರುಗಳಿಗೆ ಹೆಚ್ಚಿನ ಹಾನಿಯಾಗುತ್ತದೆ. ಹೊಳೆ ಆಲೂರು ಗದಗ-ಬಾಗಲಕೋಟೆ ರೈಲುದಾರಿಯ ಮೇಲಿದ್ದು, ರೈಲಿನಿಂದ ಇಳಿದು ಹೊಳೆಯನ್ನು ಮುಟ್ಟಬಹುದಾದ ಅನುಕೂಲವಾದ ನಿಲ್ದಾಣವಾಗಿದೆ.

ಫ್ರಾನ್ಸಿನ ಹಡಗುಗಳು ನಿಂತಲ್ಲಿಂದ ಪ್ರವಾಸಿಗಳನ್ನು ದಿನಮಟ್ಟಿಗೆ ಒಳನಾಡಿಗೆ ಕರೆದೊಯ್ಯುವ ವಾಡಿಕೆಯಿದೆ. ಇಲ್ಲಿ ಆ ದಿನವನ್ನು ರೋಣದ ಆಚೆಯ ಸೂಡಿ ಮತ್ತು ಗಜೇಂದ್ರಗಡಗಳಿಗೆ ಕೊಡಬೇಕು. ಸೂಡಿಯು ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಊರು. ಅಲ್ಲಿ ಎದುರುಬದುರಾಗಿ ಎರಡು ಗರ್ಭಗುಡಿಗಳುಳ್ಳ ಜೋಡು ಕಳಸದ ಗುಡಿಯೂ, ಕೆತ್ತನೆಯ ಗೋಡೆಗಳಿಂದ ಆವೃತವಾದ ನಾಗಕುಂಡ ಎಂಬ ಪುಷ್ಕರಣಿಯೂ ಇವೆ. ಪಟ್ಟದಕಲ್ಲೂ ಇದೇ ನಾಡಿಗೆ ಸೇರಿತ್ತು ಎಂಬುದನ್ನು ನೆನೆದರೆ, ಇಂದಿನ ಜಿಲ್ಲೆಯ ಗಡಿಗಳು ಮರೆಮಾಡಿದ ಹಳೆಯ ನಂಟು ಕಾಣುತ್ತದೆ. ಗಜೇಂದ್ರಗಡದಲ್ಲಿ ಬೆಟ್ಟದ ಕೋಟೆ, ಕಾಲಕಾಲೇಶ್ವರನ ಗುಡಿ ಮತ್ತು ಸೀರೆಯ ಮಗ್ಗಗಳಿವೆ. ನರಗುಂದದ ಮೇಲೆ 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಬಿದ್ದುದರಿಂದ ಬೆಳೆದ ಮರಾಠರ ಯುದ್ಧ 1787ರಲ್ಲಿ ಕೊನೆಗೊಂಡದ್ದು ಗಜೇಂದ್ರಗಡದ ಒಪ್ಪಂದದಿಂದ.

ಹೊಳೆ ಆಲೂರಿನಿಂದ ಕೆಳಗೆ ನೆಲದ ಬಣ್ಣವೇ ಬದಲಾಗಿ, ಕಪ್ಪು ಎರೆಯ ಬಯಲು ಕೆಂಪು ಮರಳುಗಲ್ಲಿನ ಗುಡ್ಡಗಳಿಗೆ ದಾರಿ ಬಿಡುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರ ಹೊಳೆಯ ದಂಡೆಯಲ್ಲಿಯೇ ಇದೆ. ಮುಂದೆ ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಉತ್ತರವಾಹಿನಿಯನ್ನು ಪವಿತ್ರವೆಂದು ಎಣಿಸುವ ನಂಬಿಕೆಗೂ, ಬಾದಾಮಿ ಚಾಲುಕ್ಯರು ಪಟ್ಟಾಭಿಷೇಕಕ್ಕೆ ಈ ದಡವನ್ನೇ ಆರಿಸಿದ್ದಕ್ಕೂ ಸಂಬಂಧವಿದೆಯೆಂದು ಭಾವಿಸಲಾಗಿದೆ. ಇಮ್ಮಡಿ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಹಾಗೂ ಅದರ ಸುತ್ತಿನ ಗುಡಿಗಳ ಸಮೂಹ 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೆಚ್ಚಿನ ಪ್ರವಾಸಿಗಳು ರಸ್ತೆಯ ಬಾಗಿಲಿನಿಂದ ಬಂದು ಅದೇ ಬಾಗಿಲಿನಿಂದ ಹೊರಡುತ್ತಾರೆ; ವಿರೂಪಾಕ್ಷ ಗುಡಿಯ ಮೂಡಣ ದ್ವಾರ ಹೊಳೆಗೆ ಮುಖಮಾಡಿದೆ ಎಂಬುದನ್ನು ಗಮನಿಸುವವರು ವಿರಳ. ಐಹೊಳೆಯಲ್ಲಿ ಮೇಗುತಿ ಬೆಟ್ಟದ ಮೇಲೆ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನವಿದೆ. ಅಲ್ಲಿಂದ ಅಮೀನಗಡದ ಕರದಂಟಿನ ಅಂಗಡಿಗಳನ್ನು ಹಾಯ್ದು ಹೋದರೆ ಕೂಡಲಸಂಗಮ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಏರಿದಾಗಲೂ ಬಸವಣ್ಣನವರ ಐಕ್ಯಮಂಟಪ ಮುಳುಗದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಎಬ್ಬಿಸಲಾಗಿದೆ. ಮಲಪ್ರಭೆಯ ಪಯಣ ಮುಗಿಯುವುದು ಇಲ್ಲಿಯೇ.

ಈ ದಾರಿಗೆ ನಾಲ್ಕೈದು ದಿನಗಳಾದರೂ ಬೇಕು. ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳೂ ರೈಲೂ ಬಹುತೇಕ ಊರುಗಳನ್ನು ಮುಟ್ಟಿಸುತ್ತವೆ. ಉಳಿದುಕೊಳ್ಳಲು ಬಾದಾಮಿ ಮತ್ತು ಕೂಡಲಸಂಗಮಗಳಲ್ಲಿ ಅನುಕೂಲವಿದೆ. ಐಹೊಳೆ, ಬಾದಾಮಿಗಳ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಕೊಣ್ಣೂರಿನಿಂದ ಹೊಳೆ ಆಲೂರಿನವರೆಗಿನ ದಂಡೆಯಲ್ಲಿ ಮಾತ್ರ ಫಲಕಗಳೂ ತಂಗುಮನೆಗಳೂ ಆಗಬೇಕಾಗಿವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸುವ ಖಾನಾವಳಿಗಳಿರುವ ಈ ನಾಡಿನಲ್ಲಿ ಅದಕ್ಕೆ ದೊಡ್ಡ ಬಂಡವಾಳ ಬೇಕಾಗದು, ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ಸಾಕು. ಪಟ್ಟದಕಲ್ಲನ್ನು ಬಾದಾಮಿಯ ಕಡೆಯಿಂದ ಅರ್ಧ ದಿನದಲ್ಲಿ ನೋಡಿ ಬಂದವರು ಇನ್ನೊಮ್ಮೆ ಹೊಳೆಯ ಕಡೆಯಿಂದ, ನರಗುಂದ ಮತ್ತು ರೋಣದ ದಂಡೆಯನ್ನು ಹಿಡಿದು ಹೋಗಬೇಕು; ಹೊರಡುವ ಮೊದಲು ನವಿಲುತೀರ್ಥದಿಂದ ಹೊಳೆಗೆ ಎಷ್ಟು ನೀರು ಬಿಟ್ಟಿದ್ದಾರೆಂದು ತಪ್ಪದೆ ವಿಚಾರಿಸಿಕೊಳ್ಳಬೇಕು.