ಹಸಿ ಆಹಾರ: ಅವರವರ ಹದ, ಅವರವರ ಮಿತಿ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಊಟವನ್ನು ಬಲ್ಲವನಾಗುವುದು ಸುಲಭವಲ್ಲವೆಂಬುದು ನನಗೆ ಮನದಟ್ಟಾದುದು ಐವತ್ತೆಂಟನೆಯ ವಯಸ್ಸಿನಲ್ಲಿ. ಮಧುಮೇಹಕ್ಕೆ ಮಾತ್ರೆ ಸೇವಿಸುತ್ತಿದ್ದ ನಾನು, ಬೆಂಕಿ ಸೋಕದ ಆಹಾರವೊಂದೇ ಸಕಲ ರೋಗಗಳಿಗೂ ಮದ್ದು ಎಂಬ ಉಪನ್ಯಾಸವೊಂದನ್ನು ಕೇಳಿ, ಮರುದಿನದಿಂದಲೇ ಅನ್ನ, ಚಪಾತಿ, ಸಾರುಗಳನ್ನು ತೊರೆದೆ. ಮೊದಲ ಹತ್ತು ದಿನ ಮೈ ಹಗುರವಾದಂತೆ ತೋರಿತು. ಮೂರನೆಯ ವಾರದಲ್ಲಿ, ಮುಂಬಯಿಯ ಮಳೆಗಾಲದ ಒಂದು ಸಂಜೆ, ಲೋಕಲ್ ರೈಲಿನಲ್ಲಿ ನಿಂತಿದ್ದಾಗ ಕೈ ನಡುಗಿತು. ಬೆವರು ಸುರಿದು ಕಣ್ಣು ಕತ್ತಲೆಗಟ್ಟಿತು. ಸಹಪ್ರಯಾಣಿಕರೊಬ್ಬರು ಸಮಯಕ್ಕೆ ಕೊಟ್ಟ ಪೆಪ್ಪರಮಿಂಟು ನನ್ನನ್ನು ಉಳಿಸಿತು.

"ಹಸಿ ತರಕಾರಿ ನಿಮ್ಮನ್ನು ಕೆಡಿಸಲಿಲ್ಲ. ಊಟ ಇಳಿಸಿ ಮಾತ್ರೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡ ನಿಮ್ಮ ಆತುರ ಕೆಡಿಸಿತು" ಎಂದು ವೈದ್ಯರು ಗದರಿದರು. ಅವರ ಮಾತು ನಿಜ. ಇಂದಿಗೂ ನಾನು ಪ್ರತಿದಿನ ಹಸಿ ಆಹಾರವನ್ನು ಸೇವಿಸುತ್ತೇನೆ. ಆದರೆ ಬೇರೆಯವರ ವ್ರತವಾಗಿ ಅಲ್ಲ, ನನ್ನ ದೇಹಕ್ಕೆ ಹೊಂದುವ ಮಿತಿಯಲ್ಲಿ. ಆ ಮಿತಿಯನ್ನು ಕಂಡುಕೊಳ್ಳುವುದು ಹೇಗೆಂಬುದೇ ಈ ಲೇಖನದ ವಿಷಯ.

ಬೆಂಕಿ ಕಳೆಯುವುದೇನು, ಕೊಡುವುದೇನು?

ಬೇಯಿಸುವುದರಿಂದ ಆಹಾರದ ಸತ್ತ್ವವೆಲ್ಲವೂ ನಾಶವಾಗುವುದೆಂಬ ಮಾತು ಅರ್ಧಸತ್ಯ. ಸಿ ಜೀವಸತ್ತ್ವವು ಶಾಖಕ್ಕೆ ಕೆಡುತ್ತದೆ, ಬೇಯಿಸಿದ ನೀರಿನಲ್ಲಿಯೂ ಕರಗಿಹೋಗುತ್ತದೆ. ಆದುದರಿಂದ ನೆಲ್ಲಿಕಾಯಿ, ಸೀಬೆ, ನಿಂಬೆ ಮುಂತಾದವನ್ನು ಹಸಿಯಾಗಿಯೇ ಸೇವಿಸುವುದು ಲಾಭಕರ. ಆದರೆ ಕ್ಯಾರಟ್ಟಿನ ಬಣ್ಣದಲ್ಲಿರುವ, ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುವ ವಸ್ತುವನ್ನು ನಮ್ಮ ಕರುಳು ಹೀರಿಕೊಳ್ಳುವುದು ಅದನ್ನು ಬೇಯಿಸಿ, ಸ್ವಲ್ಪ ಎಣ್ಣೆಯೊಡನೆ ತಿಂದಾಗಲೇ ಹೆಚ್ಚು. ಅಕ್ಕಿ, ಆಲೂಗಡ್ಡೆಗಳ ಪಿಷ್ಟವೂ ಬೆಂದಾಗಲೇ ಸುಲಭವಾಗಿ ಜೀರ್ಣವಾಗುತ್ತದೆ.

ಇನ್ನು ಕೆಲವು ಪದಾರ್ಥಗಳನ್ನು ಬೇಯಿಸದೆ ತಿನ್ನಲೇಬಾರದು. ಹಸಿ ರಾಜ್ಮಾದಲ್ಲಿ ತೀವ್ರ ವಾಂತಿ ಭೇದಿ ತರುವ ವಿಷಕಾರಿ ಅಂಶವಿದೆ. ಅದನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಬೇಯಿಸಬೇಕು. ಮರಗೆಣಸಿನಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ಪದಾರ್ಥವುಂಟು. ಕಾಯಿಸದ ಹಾಲಿನಿಂದ ರೋಗಾಣುಗಳು ಹರಡಬಲ್ಲವು.

ಪ್ರಯೋಗಗಳು ಕಲಿಸಿದ ಪಾಠ

ನಮ್ಮ ದೇಶದಲ್ಲಿ ಈ ಪ್ರಯೋಗವನ್ನು ಪ್ರಾಮಾಣಿಕವಾಗಿ ಮಾಡಿದವರಲ್ಲಿ ಗಾಂಧೀಜಿ ಪ್ರಮುಖರು. 1929ರಲ್ಲಿ ಅವರು ಮೊಳಕೆ ಬರಿಸಿದ ಗೋಧಿ, ಬಾದಾಮಿ, ಸೊಪ್ಪು ಮುಂತಾದ ಬೇಯಿಸದ ಆಹಾರವನ್ನೇ ಕೆಲವು ತಿಂಗಳು ಸೇವಿಸಿದರು. ಅನುಭವಗಳನ್ನು 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬರೆದರು. ಕೊನೆಗೆ ಆಮಶಂಕೆಯಿಂದ ಬಳಲಿ ಪ್ರಯೋಗವನ್ನು ನಿಲ್ಲಿಸಿದರು, ಅದನ್ನು ಮುಚ್ಚಿಡಲಿಲ್ಲ. ಆದರೂ ನಿಸರ್ಗೋಪಚಾರದಲ್ಲಿ ಅವರ ನಂಬಿಕೆ ಅಳಿಯಲಿಲ್ಲ. ಪುಣೆಯ ಸಮೀಪದ ಉರುಳಿಕಾಂಚನದಲ್ಲಿ 1946ರಲ್ಲಿ ಅವರು ಸ್ಥಾಪಿಸಿದ ಆಶ್ರಮವೇ ಇದಕ್ಕೆ ಸಾಕ್ಷಿ. ತತ್ತ್ವವನ್ನು ಬಿಡದೆ ವಿಧಾನವನ್ನು ತಿದ್ದಿಕೊಳ್ಳುವ ಈ ಮನೋಭಾವವೇ ನಮಗೆ ಮಾದರಿ.

ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯದ ಸಂಶೋಧಕರು ದೀರ್ಘಕಾಲ ಹಸಿ ಆಹಾರವನ್ನೇ ಅವಲಂಬಿಸಿದ್ದ 500ಕ್ಕೂ ಹೆಚ್ಚು ಸ್ತ್ರೀಪುರುಷರನ್ನು ವಿಚಾರಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಹಲವರ ತೂಕ ಅತಿಯಾಗಿ ಕುಗ್ಗಿತ್ತು. 45 ವರ್ಷದೊಳಗಿನ ಸ್ತ್ರೀಯರಲ್ಲಿ ಸುಮಾರು ಶೇಕಡಾ 30ರಷ್ಟು ಮಂದಿಯ ಮಾಸಿಕ ಋತುಚಕ್ರ ಏರುಪೇರಾಗಿತ್ತು ಅಥವಾ ನಿಂತೇಹೋಗಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. 100 ಗ್ರಾಂ ಸೌತೆಕಾಯಿಯಿಂದ ದೊರೆಯುವ ಶಕ್ತಿ ಸುಮಾರು 15 ಕ್ಯಾಲೊರಿ ಮಾತ್ರ. ಹೊಟ್ಟೆ ತುಂಬಿದರೂ ದೇಹ ಹಸಿದಿರುತ್ತದೆ. ಹಾಲು ಮೊಸರುಗಳನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಬಿ-12 ಜೀವಸತ್ತ್ವದ ಕೊರತೆಯೂ ತಪ್ಪಿದ್ದಲ್ಲ.

ಮಹಾನಗರದ ನೀರು, ಮಳೆಗಾಲದ ಸೊಪ್ಪು

ಊರಿನಲ್ಲಿ ಹಿತ್ತಿಲ ಒಂದೆಲಗವನ್ನು ಕಿತ್ತು, ಬಾವಿಯ ನೀರಿನಲ್ಲಿ ತೊಳೆದು, ಹಸಿಯಾಗಿಯೇ ತಂಬುಳಿಗೆ ಅರೆಯುತ್ತಿದ್ದೆವು. ನಗರದ ಮಾರುಕಟ್ಟೆಯ ಸೊಪ್ಪು ಎಲ್ಲಿಯ ಮಣ್ಣಿನದು, ಯಾವ ನೀರಿನದು ಎಂಬುದು ನಮಗೆ ತಿಳಿಯದು. ಚರಂಡಿಯ ನೀರುಂಡ ಸೊಪ್ಪಿನಲ್ಲಿ ಜಂತುಗಳ ಮೊಟ್ಟೆಗಳೂ ರೋಗಾಣುಗಳೂ ಇರಬಲ್ಲವು. ಆದುದರಿಂದ ಮಳೆಗಾಲದಲ್ಲಿ ಸೊಪ್ಪನ್ನು ಬೇಯಿಸಿಯೇ ತಿನ್ನುವುದು ಕ್ಷೇಮ. ಆ ದಿನಗಳಲ್ಲಿ ಸಿಪ್ಪೆ ತೆಗೆಯಬಹುದಾದ ಸೌತೆ, ಮೂಲಂಗಿ, ಬಾಳೆಹಣ್ಣು, ಕಿತ್ತಳೆಗಳೇ ಸಾಕು. ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣನ್ನು ಎಂದಿಗೂ ಕೊಳ್ಳಬೇಡಿ. ಇಡೀ ಹಣ್ಣನ್ನೇ ಕೊಂಡೊಯ್ದು ಕಚೇರಿಯಲ್ಲಿ ಸುಲಿದುಕೊಳ್ಳಿ.

ಮೊಳಕೆ ಕಾಳಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮೊಳಕೆ ಬರಿಸುವ ತೇವ ಮತ್ತು ಬೆಚ್ಚನೆಯೇ ರೋಗಾಣುಗಳನ್ನೂ ಬೆಳೆಸುತ್ತದೆ. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕರುಳು ಸೋಂಕಿನ ಮೂಲ ನಮಗೆ ಚಿರಪರಿಚಿತವಾದ ಮೆಂತ್ಯದ ಮೊಳಕೆಯಾಗಿತ್ತು. ತೊಳೆದಷ್ಟಕ್ಕೆ ಈ ದೋಷ ಹೋಗದು. ಹಬೆಯಲ್ಲಿ ಚೆನ್ನಾಗಿ ಬಿಸಿ ಮಾಡಿಕೊಂಡು ತಿನ್ನುವುದು ಲೇಸು.

ತನ್ನ ಹದವನ್ನು ತಾನೇ ಕಂಡುಕೊಳ್ಳುವ ಬಗೆ

ಮೊದಲನೆಯದಾಗಿ, ವೈದ್ಯರೊಡನೆ ಮಾತನಾಡಬೇಕು. ಮಧುಮೇಹದ ಕೆಲವು ಮಾತ್ರೆಗಳನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರಿಗೆ ಊಟ ಬದಲಾದರೆ ಔಷಧದ ಪ್ರಮಾಣವೂ ಬದಲಾಗಬೇಕಾದೀತು. ಮೂತ್ರಪಿಂಡದ ಕಾಯಿಲೆಯವರಿಗೆ ಹಣ್ಣು ತರಕಾರಿಗಳ ಪೊಟ್ಯಾಸಿಯಂ ಹೆಚ್ಚಾಗಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಹಠಾತ್ತನೆ ಏರಿಸಬಾರದು. ಗರ್ಭಿಣಿಯರೂ ಮಕ್ಕಳೂ ಹಸಿ ಆಹಾರವನ್ನೇ ನೆಚ್ಚಿಕೊಳ್ಳುವುದು ಸಲ್ಲದು.

ಎರಡನೆಯದಾಗಿ, ಒಂದು ಹೊತ್ತು, ಒಂದು ಪದಾರ್ಥ, ಒಂದು ಬಟ್ಟಲು ಎಂದು ಆರಂಭಿಸಬೇಕು. ಮಧ್ಯಾಹ್ನದ ಊಟದ ಮೊದಲಿಗೆ ಸುಮಾರು 100 ಗ್ರಾಂ ಹಸಿ ತರಕಾರಿ ಸಾಕು. ಒಂದು ವಾರ ಹಿತವೆನಿಸಿದರೆ ಇನ್ನೊಂದನ್ನು ಸೇರಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯು ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣುಗಳನ್ನು ಹೇಳುತ್ತದೆ. ಅಷ್ಟೂ ತರಕಾರಿ ಹಸಿಯಾಗಿಯೇ ಇರಬೇಕೆಂದಿಲ್ಲ.

ಮೂರನೆಯದಾಗಿ, ಒಂದು ನೋಟುಪುಸ್ತಕದಲ್ಲಿ ತಿಂದದ್ದನ್ನೂ, ಹೊಟ್ಟೆಯ ಸ್ಥಿತಿಯನ್ನೂ, ವಾರದ ತೂಕವನ್ನೂ ಬರೆದಿಡಬೇಕು. ನನ್ನ ಪುಸ್ತಕ ಹೇಳಿದ್ದಿಷ್ಟು: ರಾತ್ರಿ ಹಸಿ ಮೂಲಂಗಿ ತಿಂದರೆ ನನಗೆ ಹೊಟ್ಟೆಯುಬ್ಬರ; ಮಧ್ಯಾಹ್ನ ತಿಂದರೆ ಏನೂ ಇಲ್ಲ. ನನ್ನ ಪತ್ನಿಗೆ ಎರಡು ಹೊತ್ತೂ ತೊಂದರೆಯಿಲ್ಲ. ಒಂದೇ ಮನೆಯಲ್ಲಿ ಎರಡು ಹದ! ಹಲ್ಲಿಲ್ಲದವರು ತುರಿದುಕೊಳ್ಳಬಹುದು. ತೂಕ ಬೇಗ ಇಳಿದರೆ, ತಲೆ ತಿರುಗಿದರೆ, ಭೇದಿ ನಿಲ್ಲದಿದ್ದರೆ ಹಠ ಮಾಡದೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನಮ್ಮ ಎಲೆಯಲ್ಲಿಯೇ ಇತ್ತು

ಹಸಿ ಆಹಾರದ ವ್ರತ ಹಿಡಿದ ಆ ಮೂರು ವಾರ ನಾನು ಮನೆಯವರೊಡನೆ ಕುಳಿತು ಊಟ ಮಾಡಲಿಲ್ಲ. ನನ್ನ ತಟ್ಟೆ ಬೇರೆ, ಅವರ ತಟ್ಟೆ ಬೇರೆ. ದೇಹದ ಬಳಲಿಕೆಗಿಂತ ಅದೇ ಹೆಚ್ಚು ನೋವಿನದಾಗಿತ್ತೆಂದು ಪತ್ನಿ ಅನಂತರ ಹೇಳಿದಳು. ಗುಣಮುಖನಾದ ಮೇಲೆ ಅವಳು ಮೊದಲು ಬಡಿಸಿದ್ದು ಕೋಸಂಬರಿ: ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ನಿಂಬೆರಸ, ಮೇಲೊಂದು ಸಾಸಿವೆಯ ಒಗ್ಗರಣೆ. ಪಕ್ಕದಲ್ಲಿ ಬಿಸಿ ಅನ್ನ, ಸಾರು. ಮಹಾರಾಷ್ಟ್ರದ ನೆರೆಹೊರೆಯವರ ಕೋಶಿಂಬೀರ್ ಕೂಡ ಇದರ ಸೋದರಿಯೇ. ಹಸಿಯದೂ ಬೆಂದದ್ದೂ ಒಂದೇ ಎಲೆಯಲ್ಲಿ ಇರಬೇಕೆಂಬ ವಿವೇಕ ನಮ್ಮ ಹಿರಿಯರಿಗಿತ್ತು. ರಾಮನವಮಿಗೊಮ್ಮೆ ನೆನಪಾಗುವ ಆ ಕೋಸಂಬರಿಯನ್ನು ನಿತ್ಯದ ಊಟಕ್ಕೆ ತಂದುಕೊಂಡರೆ ಸಾಕು, ಒಳ್ಳೆಯ ಆರಂಭವಾದಂತೆ. ಉಪ್ಪನ್ನು ಮಾತ್ರ ತಿನ್ನುವ ಹೊತ್ತಿಗೆ ಬೆರೆಸಿಕೊಳ್ಳಿ, ಡಬ್ಬಿಯಲ್ಲಿ ನೀರೊಡೆಯುವುದಿಲ್ಲ.